ಇಲ್ಲದ ಕಂಪನಿಯ ಗ್ರಾಹಕರ ಸಭೆ

ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಆರು ತಿಂಗಳ ಆಫೀಸು ಕೆಲಸದ ತರಬೇತಿಗೆ ಸೇರಿಸಿದವರು ಅಪ್ಪ. ನನ್ನ ಭವಿಷ್ಯದ ಯೋಚನೆಯಿಂದ ಸೇರಿಸಿದರೋ, ಬೆಳಿಗ್ಗೆಯಿಂದ ಸಂಜೆಯವರೆಗೆ ನಾನೂ ಅಮ್ಮನೂ ಮಾತಿಗೆ ಮಾತು ಬೆಳೆಸುವುದನ್ನು ಕೇಳಲಾರದೆ ಸೇರಿಸಿದರೋ, ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆ ಇರುವುದು ಕೆ. ಹೊಸಕೋಟೆಯ ಹತ್ತಿರ. ಅಲ್ಲಿಂದ ಆಲೂರಿಗೆ ಒಂದು ಬಸ್ಸು, ಆಲೂರಿನಿಂದ ಸಕಲೇಶಪುರಕ್ಕೆ ಇನ್ನೊಂದು. ಎರಡೂ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ನಾನು ತರಗತಿಯಲ್ಲಿ ಒಳ್ಳೆಯ ವಿದ್ಯಾರ್ಥಿನಿ. ಸಿಗದ ದಿನ ಸುಮಾರು.

ತರಬೇತಿ ಕೇಂದ್ರ ಸಕಲೇಶಪುರದ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ, ಬಣ್ಣದ ಅಂಗಡಿಯ ಮಹಡಿಯ ಮೇಲೆ. ಹನ್ನೆರಡು ಜನ ವಿದ್ಯಾರ್ಥಿಗಳು, ಆರು ಕಂಪ್ಯೂಟರು, ಹನ್ನೊಂದು ಕುರ್ಚಿ. ತಡವಾಗಿ ಬಂದವರಿಗೆ ಕಿಟಕಿಯ ಕಟ್ಟೆ. ನಾನು ಎರಡು ಬಸ್ಸಿನವಳಾದ್ದರಿಂದ ಆ ಕಟ್ಟೆ ಬಹುತೇಕ ನನ್ನ ಹೆಸರಿಗೇ ಇತ್ತು.

ಪಾಠ ಹೇಳುತ್ತಿದ್ದವರು ಒಬ್ಬರೇ, ನಮ್ಮ ಸರ್. ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಕಂಪ್ಯೂಟರ್ ಕಲಿತದ್ದು ನಿವೃತ್ತಿಯಾದ ಮೇಲೆ, ಹಟ ಹಿಡಿದು. ಅದಕ್ಕೇ ಇರಬೇಕು, ಅದನ್ನು ಕೈಕೆಳಗಿನ ಗುಮಾಸ್ತನಂತೆ ನಡೆಸಿಕೊಳ್ಳುತ್ತಿದ್ದರು. ಪರದೆ ನಿಧಾನವಾದರೆ ಮೃದುವಾಗಿ, "ಏನಪ್ಪಾ, ಕಾಫಿಗೆ ಹೋಗಿದೀಯಾ?" ಎಂದು ಕೇಳುವರು. ಪ್ರಿಂಟರ್ ಕಾಗದ ನುಂಗಿದರೆ, "ಇವನಿಗೆ ಒಂದು ನೋಟಿಸು ಕೊಡ್ಬೇಕು" ಎನ್ನುವರು. ಎರಡು ಬೆರಳಿನಲ್ಲೇ ಟೈಪು ಮಾಡುತ್ತಿದ್ದರೂ ಹತ್ತು ಬೆರಳಿನ ನಮಗಿಂತ ಬೇಗ ಮುಗಿಸುತ್ತಿದ್ದರು, ತಪ್ಪಿಲ್ಲದೆ.

ಪುಸ್ತಕ ಓದಿ ಆಫೀಸು ಕೆಲಸ ಬರುವುದಿಲ್ಲ ಎನ್ನುವುದು ಅವರ ನಂಬಿಕೆ. ಹಾಗಾಗಿ ಎರಡನೇ ವಾರವೇ ನಮ್ಮೆಲ್ಲರನ್ನೂ ಸೇರಿಸಿ ಒಂದು ಕಂಪನಿ ಮಾಡಿಸಿದರು. ಇಲ್ಲದ ಕಂಪನಿ. ಆದರೆ ಅದಕ್ಕೆ ಮುದ್ರೆ ಇತ್ತು, ಈ ಮಹಡಿಯ ವಿಳಾಸವಿದ್ದ ಲೆಟರ್‌ಹೆಡ್ ಇತ್ತು, ರಜೆಯ ನಿಯಮಗಳಿದ್ದವು. ಹೆಸರಿಗಾಗಿ ಒಂದು ಇಡೀ ಮಧ್ಯಾಹ್ನ ಜಗಳವಾಡಿದ್ದೆವು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗಲೂ ಯಾರಾದರೂ ಹುಡುಕಿಕೊಂಡು ಬಂದುಬಿಟ್ಟಾರು ಎನ್ನುವ ಭಯ.

ಕಾಫಿ ವ್ಯಾಪಾರ ಮಾಡೋಣ ಎಂದು ಎಲ್ಲರೂ ಹೇಳಿದೆವು. ಸರ್ ಒಪ್ಪಲಿಲ್ಲ.

"ಬೇಡ. ನಿಮ್ಮಲ್ಲಿ ಅರ್ಧ ಜನದ ಮನೇಲಿ ಕಾಫಿ ಐತೆ. ದಿನಾ ಬೆಳಿಗ್ಗೆ ರೇಟಿನ ಮಾತೇ ಆಗುತ್ತೆ, ಪಾಠ ಆಗಲ್ಲ. ಯಾರಿಗೂ ಗೊತ್ತಿಲ್ಲದೇ ಇರೋದು ಯಾವುದಾದ್ರೂ ಹೇಳಿ."

ಕುರ್ಚಿ ಮೇಜು ಎಂದಾಯಿತು. ಹೀಗೆ ನಮ್ಮ ಲೆಕ್ಕದ ಸಾಫ್ಟ್‌ವೇರಿನಲ್ಲಿ ಇನ್ನೂರು ಕುರ್ಚಿ ದಾಸ್ತಾನು ಇದ್ದವು, ನಾನು ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಕೂತು ಅವುಗಳ ಲೆಕ್ಕ ಬರೆಯುತ್ತಿದ್ದೆ.

ಮ್ಯಾನೇಜರ್ ಆಗಿ ಆಯ್ಕೆಯಾದವಳು ಸಕಲೇಶಪುರದವಳೇ ಆದ ನನ್ನ ಗೆಳತಿ. ಅವರ ಅಪ್ಪನಿಗೆ ನಾಲ್ಕು ಪಿಕಪ್ ಗಾಡಿಗಳಿವೆ, ಕಾಫಿ ಮೂಟೆ, ಮೆಣಸಿನ ಮೂಟೆ ಸಾಗಿಸುತ್ತಾರೆ. ಡ್ರೈವರುಗಳನ್ನು ಗದರಿಸುವುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳಿಗೆ ಮ್ಯಾನೇಜರ್ ಕುರ್ಚಿ ಹೊಸದೆನಿಸಲಿಲ್ಲ. ನಾನು ಪತ್ರವ್ಯವಹಾರದ ಗುಮಾಸ್ತೆ. ಒಮ್ಮೆ ನನಗೆ ನಿಜವಾಗಿಯೂ ಜ್ವರ ಬಂದು, ಮೊಬೈಲಿನಲ್ಲೇ ರಜೆ ಅರ್ಜಿ ಬರೆದು ಕಳಿಸಿದ್ದೆ. ಮರುದಿನ ಅದರ ಮೇಲೆ "ಮುಂಚಿತವಾಗಿ ತಿಳಿಸದ ಕಾರಣ ತಿರಸ್ಕರಿಸಲಾಗಿದೆ" ಎಂದು ಬರೆದು ಅವಳು ಸಹಿ ಮಾಡಿದ್ದಳು. "ಜ್ವರ ಮುಂಚಿತವಾಗಿ ತಿಳಿಸಿ ಬರಲ್ಲ ಕಣೇ" ಎಂದೆ. "ಅದನ್ನ ಮೇಲ್ಮನವೀಲಿ ಬರಿ" ಎಂದಳು.

ನಾಲ್ಕನೇ ತಿಂಗಳಲ್ಲಿ ಮೇಲ್ ಮರ್ಜ್ ಪಾಠ ಬಂತು. ಒಂದೇ ಪತ್ರ ಟೈಪು ಮಾಡುವುದು, ವಿಳಾಸಗಳನ್ನು ಬೇರೆ ಶೀಟಿನಲ್ಲಿ ತುಂಬುವುದು, ಆಮೇಲೆ ಕಂಪ್ಯೂಟರೇ ಒಂದೊಂದು ಹೆಸರನ್ನು ಒಂದೊಂದು ಪತ್ರಕ್ಕೆ ಕೂಡಿಸಿ ಕೊಡುತ್ತದೆ. ಸರ್‌ಗೆ ಇದೆಂದರೆ ಬಹಳ ಇಷ್ಟ. "ನಾನು ಸರ್ವಿಸಿಗೆ ಸೇರಿದಾಗ ಇದು ಇದ್ದಿದ್ರೆ ನನ್ನ ಬಲಗೈ ಹೆಬ್ಬೆರಳು ಇವತ್ತು ನೆಟ್ಟಗಿರ್ತಿತ್ತು" ಎಂದು ಬೆರಳು ತೋರಿಸಿದರು. ಪತ್ರ ಯಾವುದು ಎಂದು ಚರ್ಚೆಯಾಗಿ ಕೊನೆಗೆ ಗ್ರಾಹಕರ ಸಭೆಗೆ ಆಹ್ವಾನ ಎಂದು ತೀರ್ಮಾನವಾಯಿತು. ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಕಚೇರಿಯಲ್ಲಿ. ಕರಡಿನ ಕೊನೆಗೆ "ಊಟದ ವ್ಯವಸ್ಥೆ ಇದೆ" ಎಂದು ಸೇರಿಸಿದವಳು ನಮ್ಮ ಮ್ಯಾನೇಜರ್. ಅದಿಲ್ಲದೆ ಯಾರೂ ಬರುವುದಿಲ್ಲ ಎನ್ನುವುದು ಅವಳ ವಾದ.

ನಲವತ್ತು ವಿಳಾಸ ಹೊಂದಿಸುವ ಕೆಲಸ ನನ್ನದು. ಹತ್ತು ಹೆಸರು ಕಲ್ಪಿಸುವಷ್ಟರಲ್ಲಿ ಸಾಕಾಯಿತು. ಆಗ ನೆನಪಾದದ್ದು ಮನೆಯ ಕಪಾಟಿನಲ್ಲಿದ್ದ ಅಮ್ಮನ ನೋಟ್‌ಬುಕ್. ಹಿಂದಿನ ವರ್ಷ ಅಕ್ಕನ ಮದುವೆಗೆ ಯಾರ್ಯಾರನ್ನು ಕರೆಯಬೇಕು ಎಂದು ಅಮ್ಮ ಅದರಲ್ಲಿ ಗೆರೆ ಹಾಕಿ ಬರೆದಿದ್ದರು. ಹೆಸರು, ಊರು, ಎಷ್ಟು ಜನ, ಕೊನೆಯಲ್ಲಿ ಷರಾ ಎಂಬ ಕಾಲಮ್ಮು. ಷರಾ ಕಾಲಮ್ಮನ್ನು ಅಮ್ಮ ತುಂಬಿದ್ದು ಮದುವೆ ಮುಗಿದ ಮೇಲೆ. ಯಾರು ಹೇಗೆ ನಡೆದುಕೊಂಡರು ಎನ್ನುವುದರ ಟಿಪ್ಪಣಿ ಅದು. ಮುಂದಿನ ಮದುವೆಗೆ, ಅಂದರೆ ನನ್ನದಕ್ಕೆ, ಉಪಯೋಗವಾಗಲಿ ಎಂದು. ಎಲ್ಲರ ಬಗ್ಗೆಯೂ ಬರೆದಿರಲಿಲ್ಲ. ಬರೆಯಲೇಬೇಕಾದವರ ಬಗ್ಗೆ ಮಾತ್ರ ಬರೆದಿದ್ದರು.

ಮರುದಿನ ಅದನ್ನು ಚೀಲದಲ್ಲಿ ತಂದು, ಕಲ್ಪಿಸಿದ್ದ ಹತ್ತನ್ನು ಅಳಿಸಿ, ಅದರಿಂದ ನಲವತ್ತು ಸಾಲು ಇದ್ದ ಹಾಗೇ ಶೀಟಿಗೆ ಇಳಿಸಿದೆ, ಷರಾ ಸಮೇತ. ಸರ್ ಹೇಳಿಕೊಟ್ಟ ಪತ್ರದ ನಮೂನೆಯ ಕೆಳಗಡೆಯೂ ಷರಾ ಎಂಬ ಸಾಲಿತ್ತು. ಪತ್ರದಲ್ಲೂ ಷರಾ, ಶೀಟಿನಲ್ಲೂ ಷರಾ. ಒಂದಕ್ಕೊಂದು ಜೋಡಿಸಿದೆ. ಮೊದಲ ಮೂರು ಪತ್ರ ಪರದೆಯ ಮೇಲೆ ನೋಡಿದೆ. ಮೂರಕ್ಕೂ ಷರಾ ಖಾಲಿ. ಸರಿಯಾಗಿದೆ ಎಂದುಕೊಂಡು ಉಳಿದ ಮೂವತ್ತೇಳನ್ನು ನೋಡದೆ ಪ್ರಿಂಟ್ ಕೊಟ್ಟೆ. ಸರ್ ಮೇಲಿನ ಒಂದನ್ನು ಓದಿ, ಕಾಗುಣಿತ ಹೊಗಳಿ, "ಅನುಮೋದಿಸಿದೆ" ಎಂದರು. ಮ್ಯಾನೇಜರ್ ನಲವತ್ತಕ್ಕೂ ಸಹಿ ಹಾಕಿದಳು, ಸಹಿ ಅಭ್ಯಾಸವಾಗಲಿ ಎಂದು. ಕವರಿನಲ್ಲಿಟ್ಟು ಊರೂರಿನ ಕಟ್ಟು ಮಾಡಿ, ಮೇಲೆ ಚೀಟಿ ಅಂಟಿಸಿ, ಜಾವಕ ಎಂದು ಬರೆದಿದ್ದ ತಟ್ಟೆಯಲ್ಲಿಟ್ಟೆ. ಜಾವಕ ಎಂದರೆ ಕಚೇರಿಯಿಂದ ಹೊರಗೆ ಹೋಗುವ ಟಪಾಲು. ನಮ್ಮಲ್ಲಿ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ವಾರ ಕಳೆದ ಮೇಲೆ ಅದೇ ಕಾಗದದ ಹಿಂಬದಿ ರಫ್ ಹಾಳೆಯಾಗುತ್ತಿತ್ತು.

ಅದು ಬುಧವಾರ. ಆ ವಾರವೇ ಕೇಂದ್ರಕ್ಕೆ ಹೊಸ ಅಕ್ಕ ಬಂದಿದ್ದರು, ಬೀಗ ತೆಗೆಯುವುದು, ಗುಡಿಸುವುದು, ನೀರು ತುಂಬುವುದು ಅವರ ಕೆಲಸ. ಹಿಂದೆ ಎಸ್ಟೇಟ್ ಒಂದರ ಆಫೀಸಿನಲ್ಲಿ ಹದಿನೈದು ವರ್ಷ ದುಡಿದವರು. ನಮ್ಮದು ಆಟದ ಕಂಪನಿ ಎಂದು ಅವರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಶುಕ್ರವಾರ ಸಂಜೆ ಅಪ್ಪ ಹೊಸಕೋಟೆಗೆ ಹೋಗಿ ಬಂದವರು ಮುಖ ಊದಿಸಿಕೊಂಡು ಕೂತರು. ಅಮ್ಮ ಕೇಳಿದ ಮೇಲೆ ಬಾಯಿಬಿಟ್ಟರು.

"ಯಾವ್ದೋ ಕುರ್ಚಿ ಕಂಪನಿಯಂತೆ. ಊರಲ್ಲಿ ಎಲ್ಲಾರ್ಗೂ ಕಾಗದ ಕೊಟ್ಟವ್ರೆ, ಸಭೆಗೆ ಬನ್ನಿ ಅಂತ. ಊಟ ಬೇರೆ ಐತಂತೆ. ನಿಮಗೆ ಬಂದಿಲ್ವಾ, ನಿಮಗೆ ಬಂದಿಲ್ವಾ ಅಂತ ನಾಲ್ಕು ಜನ ಕೇಳಿದ್ರು."

"ಬಂದಿಲ್ದಿದ್ರೆ ಬಿಡಿ" ಎಂದರು ಅಮ್ಮ.

"ನಾನೇನ್ ಹೋಗೋಕೆ ಕಾಯ್ತಿದೀನಾ? ಆದ್ರೆ ನಮ್ಮನ್ನ ಯಾಕ್ ಬಿಟ್ರು ಅಂತ."

ನಮ್ಮನ್ನು ಬಿಟ್ಟಿದ್ದಕ್ಕೆ ಕಾರಣ ಇಡೀ ತಾಲ್ಲೂಕಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮದುವೆಗೆ ಕರೆಯುವವರ ಪಟ್ಟಿಯಲ್ಲಿ ಮದುವೆ ಮನೆಯವರ ಹೆಸರು ಇರುವುದಿಲ್ಲವಲ್ಲ.

ಊಟ ಬಿಟ್ಟೆದ್ದು ಒಳಗೆ ಹೋಗಿ ಗೆಳತಿಗೆ ಫೋನು ಮಾಡಿದೆ.

"ಲೇ, ಕಾಗದ ಹೋಗ್ಬುಟ್ಟವೆ ಕಣೇ."

"ಎಲ್ಲಿಗೆ?"

"ಹೋಗ್ಬೇಕಾದ್ ಕಡೆಗೇ."

ಅವಳು ಧೈರ್ಯ ಹೇಳಿದಳು. "ಬಿಡೇ, ಗುರುತು ಪರಿಚಯ ಇಲ್ದಿರೋ ಕಂಪನಿ ಸಭೆಗೆ ಯಾರ್ ಬರ್ತಾರೆ?"

"ಊಟ ಇದೆ ಅಂತ ಬರ್ದಿದೀಯಲ್ಲ."

ಆಗ ನನಗೆ ಷರಾ ನೆನಪಾಯಿತು. ನೋಟ್‌ಬುಕ್ ತೆಗೆದು ಕಾಲಮ್ಮಿನ ಮೇಲೆ ಬೆರಳಿಟ್ಟು ಇಳಿಯುತ್ತಾ ಹೋದೆ. "ಎರಡು ಸಲ ಕರೆದರೇ ಬರುವುದು." "ಊಟವಾದ ಕೂಡಲೇ ಹೊರಟರು." "ಮುಂದಿನ ಸಾಲಿನಲ್ಲೇ ಕೂರಿಸಬೇಕು, ಇಲ್ಲದಿದ್ದರೆ ಸಿಟ್ಟು." ಹೀಗೆ ಒಂಬತ್ತು. ಒಂಬತ್ತನೆಯದು ಆಲೂರಿನ ದೊಡ್ಡಮ್ಮನದು, ಅಮ್ಮನ ಸ್ವಂತ ಅಕ್ಕ. "ಸಾರಿಗೆ ಉಪ್ಪು ಜಾಸ್ತಿ ಎಂದು ಬೀಗರ ಮುಂದೆ ಹೇಳಿದಳು." ಬೇರೆಯವರಿಗೆಲ್ಲ ಬಹುವಚನ, ಅಕ್ಕನಿಗೆ ಏಕವಚನ. ಆ ಉಪ್ಪಿನ ಮಾತಾದ ಮೇಲೆ ಅವರಿಬ್ಬರೂ ಒಂದು ವರ್ಷದಿಂದ ಮಾತು ಬಿಟ್ಟಿದ್ದರು. ನನ್ನ ಅಕ್ಕ ಬಾಣಂತನಕ್ಕೆ ಬಂದಾಗಲೂ ದೊಡ್ಡಮ್ಮ ಅಮ್ಮ ಇಲ್ಲದ ಹೊತ್ತು ನೋಡಿಕೊಂಡು ಬಂದು, ಮಗುವನ್ನು ನೋಡಿ ಹೋಗಿದ್ದರು.

ಬಂಧುಗಳಿಗೆ ಫೋನು ಮಾಡಿ ಬರಬೇಡಿ ಎನ್ನಬಹುದಿತ್ತು. ಹಾಗೆಂದರೆ ಕಾಗದ ಬರೆದವಳು ನಾನೆಂದು ಒಪ್ಪಿಕೊಳ್ಳಬೇಕು, ಒಪ್ಪಿಕೊಂಡರೆ ಷರಾ ಯಾರದು ಎಂದು ಹೇಳಬೇಕು. ನನಗೆ ಧೈರ್ಯವಾಗಲಿಲ್ಲ. ಯಾರೂ ಬರದಿರಲಿ ಎಂದುಕೊಂಡು ಮಲಗಿದೆ.

ಶನಿವಾರ ಮೊದಲ ಬಸ್ಸಿಗೇ ಹೋದೆ. ಕೇಂದ್ರದ ಅಕ್ಕ ಮೆಟ್ಟಿಲು ಗುಡಿಸುತ್ತಿದ್ದರು. ಕವರುಗಳೇನಾದವು ಎಂದು ಕೇಳಿದೆ.

"ಗುರುವಾರಾನೇ ಕಳಿಸ್ಬುಟ್ಟೆ ಕಣವ್ವ. ಜಾವಕ ಅಂತ ಬರ್ದಿತ್ತಲ್ಲ! ಸ್ಟಾಂಪ್ ಹಚ್ಚಿರ್ಲಿಲ್ಲ, ಅದಕ್ಕೇ ಬಸ್ಸಿಗೆ ಕೊಟ್ಟೆ. ನೀವು ಊರೂರಿಂದು ಕಟ್ಟು ಬೇರೆ ಮಾಡಿದ್ರಲ್ಲ, ಸಲೀಸಾಯ್ತು. ಮಾರನಹಳ್ಳೀದು ಆ ಕಡೆ ಬಸ್ಸಿಗೆ, ಆಲೂರು ಹೊಸಕೋಟೇದು ಈ ಕಡೆ ಬಸ್ಸಿಗೆ. ಎಸ್ಟೇಟಲ್ಲೂ ಹಂಗೇ ಮಾಡ್ತಿದ್ದೆ. ಒಂದು ಕಾಗದಾನೂ ತಪ್ಪಿರಾಕಿಲ್ಲ."

ತಪ್ಪಿರಲಿಲ್ಲ. ಅದೇ ತೊಂದರೆ.

ಸರ್ ಒಂಬತ್ತೂವರೆಗೆ ಬಂದರು. ನಾನೂ ಗೆಳತಿಯೂ ಅವರ ಮುಂದೆ ನಿಂತು ನಡೆದದ್ದನ್ನು ಹೇಳಿದೆವು. ಷರಾದ ವಿಷಯವನ್ನೂ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಅಕ್ಕನಿಗೆ ಬೈಯುತ್ತಾರೇನೋ ಎಂದು ಹೆದರಿ ನಾನು, "ಅವರ ತಪ್ಪಿಲ್ಲ ಸರ್" ಎಂದೆ.

"ಅವರ ತಪ್ಪು ಎಲ್ಲಿಂದ ಬಂತಮ್ಮ? ಈ ಆಫೀಸಲ್ಲಿ ನಾಲ್ಕು ತಿಂಗಳಲ್ಲಿ ಕೆಲಸ ಅಂತ ಮಾಡಿದವರು ಅವರೊಬ್ಬರೇ" ಎಂದರು ಸರ್. ಆಮೇಲೆ ಎದ್ದು ನಿಂತು, "ಎಷ್ಟು ಕುರ್ಚಿ ಐತೆ?" ಎಂದು ಕೇಳಿದರು.

"ಇನ್ನೂರು ಸರ್" ಎಂದಳು ಗೆಳತಿ, ಅಭ್ಯಾಸಬಲದಿಂದ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಹನ್ನೊಂದು" ಎಂದಳು.

ಅವಳೇ ತನ್ನ ಅಪ್ಪನಿಗೆ ಫೋನು ಮಾಡಿದಳು. ಕಾಲು ಗಂಟೆಯಲ್ಲಿ ಶಾಮಿಯಾನದ ಅಂಗಡಿಯಿಂದ ಮೂವತ್ತು ಪ್ಲಾಸ್ಟಿಕ್ ಕುರ್ಚಿ ಹೊತ್ತು ಪಿಕಪ್ ಒಂದು ಕೆಳಗೆ ಬಂದು ನಿಂತಿತು. ನಾವು ಹನ್ನೆರಡೂ ಜನ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕುರ್ಚಿಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಕುರ್ಚಿ ಮಾರುವ ಕಂಪನಿಗೆ ಕುರ್ಚಿ ಬಾಡಿಗೆಗೆ ಬರುವುದನ್ನು ಬಣ್ಣದ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು.

ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಮೊದಲ ಗ್ರಾಹಕರು ಬಂದರು. ಮಾರನಹಳ್ಳಿ ಮಾವ, ಅಪ್ಪನ ಕಡೆಯ ದೂರದ ನೆಂಟರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಶರ್ಟು, ಜೊತೆಗೆ ಅತ್ತೆ. ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ ನನ್ನನ್ನು ನೋಡಿ, "ಓಹೋ, ನೀನೂ ಇಲ್ಲೇ ಕೆಲ್ಸಕ್ಕಿದೀಯಾ? ಒಳ್ಳೇದಾಯ್ತು ಬಿಡು" ಎಂದರು. ಜೇಬಿನಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

"ನೋಡು, ನಿಮ್ಮ ಕಂಪನಿಯೋರು ಬಾಳ ತಿಳಿದೋರು ಕಣವ್ವ. ಮುಂದಿನ ಸಾಲಿನಲ್ಲೇ ಕೂರಿಸಬೇಕು ಅಂತ ಬರ್ದೇ ಕಳಿಸವ್ರೆ. ಆ ಕೊನೇದೊಂದ್ ಮಾತು ಯಾಕೆ ಬರ್ದವ್ರೋ ಗೊತ್ತಾಗ್ಲಿಲ್ಲ, ನಾನ್ ಯಾವತ್ತು ಸಿಟ್ ಮಾಡ್ಕೊಂಡಿದೀನಿ?"

ಪಕ್ಕದಲ್ಲಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡಿದರು. ನಾನು ಅವರಿಬ್ಬರನ್ನೂ ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದೆ.

ಆಮೇಲೆ ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಒಟ್ಟು ಇಪ್ಪತ್ತೆರಡು ಜನ. "ಎರಡು ಸಲ ಕರೆದರೇ ಬರುವುದು" ಎಂದು ಬರೆಸಿಕೊಂಡಿದ್ದವರು ಒಂದೇ ಕರೆಗೆ ಬಂದಿದ್ದರು, ಹಾಗೆ ಬಂದದ್ದನ್ನು ಎಲ್ಲರಿಗೂ ತೋರಿಸಿಕೊಳ್ಳುವಂತೆ ಬಾಗಿಲ ಬಳಿಯೇ ನಿಂತಿದ್ದರು. ಕೊನೆಗೆ ಮೆಟ್ಟಿಲ ಮೇಲೆ ನಿಧಾನವಾಗಿ, ಮಂಡಿ ಹಿಡಿದುಕೊಂಡು ಬಂದವರು ದೊಡ್ಡಮ್ಮ. ಒಬ್ಬರೇ. ನನ್ನನ್ನು ನೋಡಿದರು. ರಿಜಿಸ್ಟರಿನಲ್ಲಿ ಸಹಿ ಹಾಕಿ, ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಸರ್ ಎದುರಿಗೆ ನಿಂತರು. ನನ್ನನ್ನೂ ಗೆಳತಿಯನ್ನೂ ಕರೆದು ಎರಡು ಪಕ್ಕ ನಿಲ್ಲಿಸಿಕೊಂಡರು. ಜನ ಬರುವ ಮೊದಲೇ ನಮಗೆ ಹೇಳಿದ್ದರು, "ಕಾಗದ ತಯಾರು ಮಾಡಿದ್ದು ನೀನು, ಸಹಿ ಹಾಕಿದ್ದು ಇವಳು, ಅನುಮೋದನೆ ಕೊಟ್ಟಿದ್ದು ನಾನು. ಮೂರೂ ಜನ ನಿಂತ್ಕೊಳ್ಳೋಣ." ಆಮೇಲೆ ಸುತ್ತುಬಳಸದೆ ಎಲ್ಲವನ್ನೂ ಹೇಳಿಬಿಟ್ಟರು. ಇದು ಮಕ್ಕಳು ಕಲಿಯುವುದಕ್ಕೆ ಮಾಡಿದ ಕಂಪನಿ, ಕಾಗದ ಹೊರಗೆ ಹೋಗಬಾರದಿತ್ತು, ಹೋಗಿದೆ, ತಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕು.

ಹೊಸಕೋಟೆಯ ಒಬ್ಬ ಅಜ್ಜ ಕೈ ಎತ್ತಿದರು.

"ಅಂದ್ರೆ ಕುರ್ಚಿ ಇಲ್ವಾ?"

"ಇಲ್ಲ ಅಜ್ಜ" ಎಂದೆ ನಾನು.

"ಕಂಪನೀನೂ ಇಲ್ವಾ?"

"ಇಲ್ಲ."

"ಊಟ?"

ನಾನು ಗೆಳತಿಯ ಮುಖ ನೋಡಿದೆ. ಅವಳು ಸರ್ ಮುಖ ನೋಡಿದಳು. ಸರ್ ಒಂದು ಉಸಿರು ಎಳೆದುಕೊಂಡು, "ಊಟ ಐತೆ" ಎಂದರು. ಆ ಗಳಿಗೆಯವರೆಗೂ ಇರಲಿಲ್ಲ. ಆದರೆ ಹಾಗೆಂದ ಕೂಡಲೇ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದು ಎದುರಿನ ಹೋಟೆಲಿಗೆ ಹೊರಟದ್ದು ಕಂಡಿತು.

ಅಜ್ಜ ಮೊದಲು ನಕ್ಕರು. ಅವರು ನಕ್ಕ ಮೇಲೆ ಉಳಿದವರಿಗೆ ಸಿಟ್ಟು ಮಾಡುವುದು ಕಷ್ಟವಾಯಿತು. ಮಾರನಹಳ್ಳಿ ಮಾವ ಮಾತ್ರ ಸ್ವಲ್ಪ ಹೊತ್ತು ಗಂಭೀರವಾಗಿದ್ದರು. ಕಂಪನಿ ಇಲ್ಲ ಎನ್ನುವುದಕ್ಕಿಂತ ತಮ್ಮ ಮುಂದಿನ ಸಾಲಿನ ಗೌರವ ಯಾರು ಕೊಟ್ಟದ್ದು ಎನ್ನುವ ಪ್ರಶ್ನೆ ಅವರಿಗೆ ದೊಡ್ಡದಾಗಿತ್ತು. ಅತ್ತೆ ಅವರ ಕಿವಿಯಲ್ಲಿ ಏನೋ ಹೇಳಿದರು. ಮಾವ ನನ್ನ ಕಡೆ ತಿರುಗಿ, "ನಿಮ್ಮವ್ವನ ಕಣ್ಣು ಬಾಳ ಚುರುಕು ಕಣವ್ವ" ಎಂದಷ್ಟೇ ಹೇಳಿದರು.

ಊಟ ಬರುವುದಕ್ಕೆ ಒಂದು ಗಂಟೆಯಾದರೂ ಬೇಕಿತ್ತು. ಅಷ್ಟರಲ್ಲಿ ಅಜ್ಜ ಕಂಪ್ಯೂಟರಿನ ಹತ್ತಿರ ಬಂದು, "ಕಾಗದ ಚೆನ್ನಾಗಿ ಬರೀತೀರಲ್ಲ, ನಂದೊಂದು ಬರ್ಕೊಡ್ರಪ್ಪ" ಎಂದರು. ಪಹಣಿಯಲ್ಲಿ ಅವರ ಹೆಸರಿಗೆ ಒಂದು ಒತ್ತಕ್ಷರ ಹೆಚ್ಚಾಗಿ ಬಂದುಬಿಟ್ಟಿತ್ತಂತೆ, ಅದನ್ನು ತೆಗೆಯಿಸಲು ಅರ್ಜಿ. ಅದನ್ನು ನೋಡಿ ಇನ್ನೊಬ್ಬರು ತೋಟದ ಮನೆಗೆ ವಿದ್ಯುತ್ ಮೀಟರ್ ಬೇಕೆಂದು ಬಂದರು. ಆರು ಕಂಪ್ಯೂಟರಿನ ಮುಂದೆಯೂ ಜನ. ನಾಲ್ಕು ತಿಂಗಳಿಂದ ಇಲ್ಲದವರಿಗೆ ಪತ್ರ ಬರೆದಿದ್ದ ನಮಗೆ, ಪಕ್ಕದಲ್ಲೇ ಕೂತು "ಹಂಗಲ್ಲ, ಹಿಂಗೆ ಬರಿ" ಎನ್ನುವವರು ಸಿಕ್ಕಾಗ ಬೆರಳು ತಡವರಿಸಿತು. ಸರ್ ಒಬ್ಬೊಬ್ಬರ ಹಿಂದೆ ನಿಂತು ತಿದ್ದುತ್ತಿದ್ದರು. ಅವರ ಮುಖದಲ್ಲಿ ಕ್ಷಮೆ ಕೇಳಿದವರ ಲಕ್ಷಣ ಒಂದಿಷ್ಟೂ ಇರಲಿಲ್ಲ.

ದೊಡ್ಡಮ್ಮ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

"ಇದು ನಿಮ್ಮವ್ವನ ಮಾತು ತಾನೇ?"

"ದೊಡ್ಡಮ್ಮ, ನೋಡ್ದೆ ಕಳಿಸ್ಬುಟ್ಟೆ. ಅಮ್ಮಂಗೆ ಇದೇನೂ ಗೊತ್ತಿಲ್ಲ."

"ಓದಿದ ಕೂಡ್ಲೇ ಗೊತ್ತಾಯ್ತು. ಉಪ್ಪಿನ ಮಾತನ್ನ ಇಷ್ಟ್ ದಿನ ಇಟ್ಕೊಳ್ಳೋಳು ಇನ್ಯಾರವ್ಳೆ? ಕಂಪನಿಯೋರ ಕೈಲಿ ಬರ್ಸಿ ಕರೀತಾವ್ಳೆ, ಸಭೆ ಅಂತ ಇವ್ಳೇ ಏನೋ ಮಾಡವ್ಳೆ ಅನ್ಕಂಡೆ. ಅದಕ್ಕೇ ಬಂದೆ." ಅಷ್ಟು ಹೇಳಿ ಕಿಟಕಿಯ ಕಡೆ ನೋಡಿದರು. "ಅವ್ಳು ಬಂದಿಲ್ಲ."

ಅಲ್ಲಿಯವರೆಗೆ ಇದೆಲ್ಲ ನನ್ನ ಮರ್ಯಾದೆಯ ಪ್ರಶ್ನೆ ಎಂದುಕೊಂಡಿದ್ದೆ. ದೊಡ್ಡಮ್ಮ ಮಂಡಿನೋವಿನಲ್ಲಿ ಬಸ್ಸು ಹತ್ತಿ, ಮಹಡಿ ಹತ್ತಿ ಬಂದದ್ದು ತಂಗಿ ಕರೆದಳು ಎಂದು. ಹಾಗೆಂದು ಗೊತ್ತಾದ ಮೇಲೆ ನನ್ನ ಮರ್ಯಾದೆಯ ಯೋಚನೆ ನನಗೇ ಸಣ್ಣದೆನಿಸಿತು.

"ನಂಗೂ ಒಂದು ಕಾಗದ ಬರಿ ಮಗ" ಎಂದರು ದೊಡ್ಡಮ್ಮ. "ನಿಮ್ಮವ್ವಂಗೆ. ಆಫೀಸ್ ಥರಾನೇ ಬರಿ. ಅವ್ಳು ಕಾಲಮ್ ಹಾಕಿ ಬರ್ದವ್ಳೆ, ನಾನ್ಯಾಕೆ ಕಮ್ಮಿ?"

ನಾನು ಬರೆದೆ. ಇವರಿಂದ: ಅಕ್ಕ. ಇವರಿಗೆ: ತಂಗಿ. ವಿಷಯ: ಸಾರಿನ ಉಪ್ಪಿನ ಬಗ್ಗೆ. ಉಲ್ಲೇಖ: ನಿಮ್ಮ ಪತ್ರದ ಷರಾ. ದೊಡ್ಡಮ್ಮ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು, ನಾನು ಅದನ್ನು ಸರ್ ಕಲಿಸಿದ ಕನ್ನಡಕ್ಕೆ ತಿರುಗಿಸುತ್ತಿದ್ದೆ.

"ಉಪ್ಪು ಜಾಸ್ತಿ ಇದ್ದಿದ್ದು ನಿಜ ಅಂತ ಮೊದ್ಲು ಬರಿ."

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಪ್ಪು ಹೆಚ್ಚಾಗಿದ್ದುದು ನಿಜವಿರುತ್ತದೆ" ಎಂದು ಟೈಪು ಮಾಡಿ ಓದಿ ಹೇಳಿದೆ. ಅವರಿಗೆ ಇಷ್ಟವಾಯಿತು.

"ಆದ್ರೆ ಬೀಗರ ಮುಂದೆ ಅಂದಿದ್ದು ತಪ್ಪು ಅಂತ..." ಅಲ್ಲಿಗೆ ನಿಲ್ಲಿಸಿದರು. "ತಪ್ಪು ಅಂತ ಬರೀಬೇಡ. ಅನ್ನಬಾರದಿತ್ತು ಅಂತ ಬರಿ."

ಬರೆದೆ. ಅವರು ಪರದೆಯ ಹತ್ತಿರಕ್ಕೆ ಬಗ್ಗಿದರು.

"ಆ ಸಾರಿಗೆ ನೀರು ಹಾಕಿಸಿ ಸರಿ ಮಾಡಿದ್ದೂ ನಾನೇ ಅಂತ ಬರಿ. ಅದು ಅವ್ಳಿಗೆ ಗೊತ್ತಿಲ್ಲ. ಅಡುಗೆಯೋನು ಒಪ್ಪಿರ್ಲಿಲ್ಲ, ಬೈದು ಹಾಕಿಸಿದೆ. ಎರಡ್ನೇ ಪಂಕ್ತಿಯೋರು ಯಾರೂ ಮಾತಾಡ್ಲಿಲ್ಲ ತಾನೇ?"

ಅಷ್ಟರಲ್ಲಿ ಸರ್ ನಮ್ಮ ಹಿಂದೆ ಬಂದು ನಿಂತಿದ್ದರು. ಪತ್ರವನ್ನು ಪೂರ್ತಿ ಓದಿದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಉಲ್ಲೇಖದ ಕೆಳಗೆ ಒಂದು ಸಾಲು ಬಿಡಮ್ಮ" ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು. ಪ್ರಿಂಟ್ ಬಂದ ಮೇಲೆ ದೊಡ್ಡಮ್ಮ ಪೆನ್ನು ಇಸಿದುಕೊಂಡು, ಒಂದೊಂದು ಅಕ್ಷರವನ್ನೂ ಕೂಡಿಸಿ ಸಹಿ ಮಾಡಿದರು.

ಹೋಟೆಲಿನಿಂದ ಪಲಾವು, ಮೊಸರನ್ನ, ಹಪ್ಪಳ ಬಂತು. ಎಲ್ಲರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು. ಊಟವಾದ ಕೂಡಲೇ ಹೊರಟವರು ಇಬ್ಬರೇ. ಅವರ ಬಗ್ಗೆ ಅಮ್ಮ ಬರೆದದ್ದು ಸರಿಯಾಗಿಯೇ ಇತ್ತು.

ಮನೆಗೆ ಬಂದು ಅಮ್ಮನ ಮುಂದೆ ಮೊದಲು ತಪ್ಪು ಒಪ್ಪಿಕೊಂಡೆ, ಆಮೇಲೆ ಕವರು ಕೊಟ್ಟೆ. ನೋಟ್‌ಬುಕ್ ಮುಟ್ಟಿದ್ದಕ್ಕೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅಪ್ಪ ನಡುವೆ ಬಾಯಿ ಹಾಕಿ, "ಹಂಗಾದ್ರೆ ನಮ್ಮನ್ನ ಬೇಕಂತ ಬಿಟ್ಟಿಲ್ಲ" ಎಂದು ನೆಮ್ಮದಿಯಿಂದ ಎದ್ದು ಹೋದರು. ಅಮ್ಮ ಕನ್ನಡಕ ಹಾಕಿಕೊಂಡು ಕಾಗದ ಓದಿದರು. ಎರಡು ಸಲ ಓದಿದರು.

"ಇದು ಅವ್ಳು ಆಡೋ ಮಾತಲ್ಲ."

"ಮಾತು ನಂದು. ವಿಷಯ ಅವರದು."

"ನೀರು ಹಾಕ್ಸಿದ್ದು ಅವ್ಳಾ? ನಾನು ಅಡುಗೆಯೋನೇ ಅನ್ಕಂಡಿದ್ದೆ." ಸಹಿಯ ಮೇಲೆ ಹೆಬ್ಬೆರಳಾಡಿಸಿದರು. "ಮಹಡಿ ಹತ್ತಿ ಬಂದ್ಲಾ? ಮಂಡಿ ಹೆಂಗೈತೆ?"

"ನೀನೇ ಕೇಳು."

ಅಮ್ಮ ಒಲೆಯ ಮೇಲಿದ್ದ ಹಾಲು ಇಳಿಸಿದರು, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದರು. ಆಮೇಲೆ ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದರು. "ಹೂಂ, ನಾನೇ" ಎಂದದ್ದು ಕೇಳಿಸಿತು. ಅದಾದ ಮೇಲೆ ಒಂದು ಗಂಟೆ ಮಾತು ನಡೆಯಿತು. ಮಂಡಿ, ಮೆಣಸು, ನನ್ನ ಅಕ್ಕನ ಮಗುವಿನ ತೂಕ, ಯಾರದೋ ನಿಶ್ಚಿತಾರ್ಥ. ಜಗಳದ ವಿಷಯ ಬರಲೇ ಇಲ್ಲ, ನಾನು ಕಿವಿಗೊಟ್ಟು ಕಾದದ್ದು ದಂಡವಾಯಿತು.

ತರಬೇತಿ ಇನ್ನೆರಡು ತಿಂಗಳು ನಡೆಯಿತು. ಜಾವಕದ ತಟ್ಟೆಗೆ ಸರ್ "ಅಭ್ಯಾಸಕ್ಕೆ ಮಾತ್ರ" ಎಂದು ದಪ್ಪಕ್ಷರದ ಚೀಟಿ ಅಂಟಿಸಿದರು. ಆದರೂ ಕೇಂದ್ರದ ಅಕ್ಕ ಅದರಲ್ಲಿ ಏನಾದರೂ ಕಂಡರೆ ನಮ್ಮನ್ನು ಕೇಳದೆ ಬಿಡುತ್ತಿರಲಿಲ್ಲ. ಅಜ್ಜನ ಪಹಣಿ ತಿದ್ದುಪಡಿಯಾಯಿತಂತೆ. ಆಮೇಲಿನ ಶನಿವಾರಗಳಲ್ಲಿ ಒಬ್ಬಿಬ್ಬರಾದರೂ ಅರ್ಜಿ ಬರೆಸಲು ಮಹಡಿ ಹತ್ತಿ ಬರುತ್ತಿದ್ದರು. ಸರ್ ಅದನ್ನೇ ಪ್ರಾಕ್ಟಿಕಲ್ ಎಂದು ಕರೆದು ಅಂಕ ಕೊಡತೊಡಗಿದರು. ಗೆಳತಿ ಈಗ ಅಪ್ಪನ ಗಾಡಿಗಳ ಲೆಕ್ಕ ಪೂರ್ತಿ ನೋಡಿಕೊಳ್ಳುತ್ತಾಳೆ. ಡ್ರೈವರುಗಳು ರಜೆಯನ್ನು ಮುಂಚಿತವಾಗಿಯೇ ಕೇಳುತ್ತಾರೆ ಎಂದು ಕೇಳಿದ್ದೇನೆ.

ನನಗೆ ಆಲೂರಿನ ಒಂದು ಸಣ್ಣ ಕಚೇರಿಯಲ್ಲಿ ಪತ್ರವ್ಯವಹಾರದ ಕೆಲಸ ಸಿಕ್ಕಿತು. ಒಂದೇ ಬಸ್ಸು. ಮಧ್ಯಾಹ್ನದ ಊಟ ದೊಡ್ಡಮ್ಮನ ಮನೆಯಲ್ಲಿ. ಅಮ್ಮ ದಿನವೂ ಬೆಳಿಗ್ಗೆ ನನ್ನ ಚೀಲಕ್ಕೆ ತಮ್ಮ ಅಕ್ಕನಿಗೆಂದು ಏನಾದರೊಂದು ಹಾಕುತ್ತಾರೆ, ಸಂಜೆ ದೊಡ್ಡಮ್ಮ ತಂಗಿಗೆಂದು ಅದೇ ಡಬ್ಬಿಯಲ್ಲಿ ಇನ್ನೇನೋ ತುಂಬುತ್ತಾರೆ. ಖಾಲಿ ಡಬ್ಬಿ ಹಿಡಿದು ಬಸ್ಸು ಹತ್ತಿದ ದಿನ ನನಗೆ ಇನ್ನೂ ಬಂದಿಲ್ಲ.